ಕಣ್ಣೀರಿನ ಬುದ್ದಲಿ



ಹೋದ ತಿಂಗಳು ಒಬ್ಬ ಸೋದರಿಯಿಂದ ನನಗೊಂದು ಕಾಗದ ಬಂದಿತು. ಅದು ದೊಡ್ಡದಲ್ಲ, ಹತ್ತು ಹನ್ನೆರಡು ಸಾಲುಗಳು ಮಾತ್ರ. ಆಕೆಯ ಮಗಳು ತೀರಿಕೊಂಡು ಆರು ತಿಂಗಳಾದವಂತೆ. ಅಂದಿನಿಂದ ಸತ್ಯವೇದವನ್ನು ತೆರೆಯಲಿಕ್ಕೆ ಕೈ ಏಳುವದಿಲ್ಲ. ತೆರೆದರೂ ಅಕ್ಷರಗಳು ಕಾಣುವವೇ ಹೊರತು ಮಾತು ಮನಸ್ಸಿಗೆ ಇಳಿಯುವದಿಲ್ಲ. ಬಂಧುಬಳಗದವರು ಇದನ್ನು ನಂಬಿಕೆಯ ಕೊರತೆ ಎನ್ನುತ್ತಾರೆ. ಇದು ನಿಜವಾಗಿ ಪಾಪವೋ ಎಂದು ಆಕೆಯ ಪ್ರಶ್ನೆ. ಹೆಸರು ಅಚ್ಚಾಗಬಾರದೆಂದು ಕೇಳಿಕೊಂಡಿದ್ದಾಳೆ; ಹಾಗೆಯೇ ಆಗಲಿ.

ಪಾಪವಲ್ಲ ತಾಯೀ ಎಂದು ಒಂದೇ ಮಾತಿನಲ್ಲಿ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ದುಃಖದಲ್ಲಿರುವವರಿಗೆ ಒಂದೇ ಮಾತಿನ ಉತ್ತರಗಳು ಬೇಕಾದಷ್ಟು ಸಿಕ್ಕಿರುತ್ತವೆ. ಆದಕಾರಣ ನಾನು ಕಣ್ಣಾರೆ ಕಂಡ ಒಂದು ಮನೆಯ ಸಂಗತಿಯನ್ನೇ ಇಲ್ಲಿ ಬರೆಯುತ್ತೇನೆ. ಆ ಮನೆಯವರ ಅಪ್ಪಣೆಯನ್ನು ಪಡೆದಿದ್ದೇನೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಉಣಕಲ್ಲಿನ ಕೆರೆಯನ್ನು ದಾಟಿದ ಬಳಿಕ ಬೈರಿದೇವರಕೊಪ್ಪವು ಬರುವದು. ಹಿಂದೆ ಅದು ಕರಿಮಣ್ಣಿನ ಹೊಲಗಳ ನಡುವಿನ ಒಂದು ಹಳ್ಳಿ. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳೆರಡೂ ಒಂದೇ ನಗರಪಾಲಿಕೆಗೆ ಸೇರಿದ ಮೇಲೆ ಅವುಗಳ ನಡುವಿನ ಹಳ್ಳಿಗಳು ಪೇಟೆಯ ಓಣಿಗಳಂತಾದವು. ಈಗ ರಸ್ತೆಯ ನಟ್ಟನಡುವೆ ಚಿಗರಿ ಬಸ್ಸುಗಳು ಓಡುತ್ತವೆ. ಆದರೂ ರಸ್ತೆಯನ್ನು ಬಿಟ್ಟು ಒಳಗೆ ನೂರು ಹೆಜ್ಜೆ ನಡೆದರೆ ಹಳೆಯ ಊರಿನ ಕಟ್ಟೆ, ಕಟ್ಟೆಯ ಮೇಲಿನ ಮಾತು, ರೊಟ್ಟಿ ಬಡಿಯುವ ಸಪ್ಪಳ ಇವೆಲ್ಲ ಇನ್ನೂ ಸಿಕ್ಕುತ್ತವೆ. ಅಲ್ಲಿ ನನ್ನ ತಾಯಿಯ ಗೆಳತಿಯೊಬ್ಬರು ಇದ್ದಾರೆ. ನಾನು ಅವರನ್ನು ಮೌಶಿ ಎಂದೇ ಕರೆಯುವದು. ಅವರ ಯಜಮಾನರು ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ದುಡಿದು ನಿವೃತ್ತರಾದವರು. ರವಿವಾರ ಗುಡಿಯಲ್ಲಿ ಸಂಗೀತಕ್ಕೆ ಅವರದೇ ದೊಡ್ಡ ದನಿ. 2021ರ ಮೇ ತಿಂಗಳಲ್ಲಿ ಕೊರೋನಾ ಬೇನೆಯ ಎರಡನೆಯ ಅಲೆಯಲ್ಲಿ ಅವರು ಆಸ್ಪತ್ರೆ ಸೇರಿದರು. ಒಂಬತ್ತನೆಯ ದಿನ ತೀರಿಹೋದರು.

ಆ ದಿನಗಳು ವಾಚಕರಿಗೆ ನೆನಪಿರಬಹುದು. ಶವವನ್ನು ಮನೆಗೆ ತರಲಿಲ್ಲ. ಸ್ನಾನ ಮಾಡಿಸಲಿಲ್ಲ, ಅರಿವೆ ಉಡಿಸಲಿಲ್ಲ. ನಾಲ್ಕು ಜನ ಮೈತುಂಬ ಹೊದ್ದುಕೊಂಡವರು ಗಾಡಿಯಿಂದ ಇಳಿಸಿದರು. ಮೌಶಿ ಸ್ಮಶಾನದ ಬಾಗಿಲಲ್ಲಿ ನಿಂತು ದೂರದಿಂದ ನೋಡಿದರು. ಪಾದ್ರಿಗಳು ಪ್ರಾರ್ಥನೆಯನ್ನು ಬೇಗನೆ ಮುಗಿಸಿದರು. ನಲವತ್ತೊಂದು ವರ್ಷ ಜೊತೆಯಲ್ಲಿ ಬಾಳಿದವರ ಮುಖವನ್ನು ಕಡೆಯ ಸಾರಿ ನೋಡುವದು ಆಗಲಿಲ್ಲ.

ನಾನು ಅಲ್ಲಿಗೆ ಹೋದದ್ದು ಅದೇ ವರ್ಷದ ಅಕ್ಟೋಬರದಲ್ಲಿ. ಹೋಗುವದಕ್ಕೆ ಇಷ್ಟು ತಡ ಮಾಡಿದೆನೆಂಬ ನಾಚಿಕೆ ನನಗೆ ಈಗಲೂ ಉಂಟು. ಕೂತ ಕೂಡಲೇ ಮೌಶಿ ಅಂದದ್ದು ಇಷ್ಟು: “ತಂಗಿ, ವಚನಾ ಹೇಳಾಕ ಬಂದಿದ್ರ ಇವತ್ತ ಬ್ಯಾಡ. ಕೇಳಿ ಕೇಳಿ ಸಾಕಾಗೇತಿ.”

ನನ್ನ ಚೀಲದಲ್ಲಿ, ಸುಳ್ಳೇಕೆ, ಮೂರು ವಚನಗಳನ್ನು ಬರೆದುಕೊಂಡ ಚೀಟಿ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.

ಆಮೇಲೆ ಅವರೇ ಬಿಚ್ಚಿ ಹೇಳಿದರು. ಐದು ತಿಂಗಳಲ್ಲಿ ಬಂದವರೆಲ್ಲ ಒಂದೊಂದು ವಚನವನ್ನು ಕೊಟ್ಟು ಹೋದರು. ಎಲ್ಲವೂ ಒಳ್ಳೆಯದಕ್ಕೇ ಆಗುವದೆಂದು ಒಬ್ಬರು. ದೇವರು ತಾಳಬಹುದಾದಷ್ಟೇ ಕಷ್ಟವನ್ನು ಕೊಡುವನೆಂದು ಇನ್ನೊಬ್ಬರು. ಅಳುವದು ನಿರೀಕ್ಷೆ ಇಲ್ಲದವರ ಲಕ್ಷಣವೆಂದು ಮತ್ತೊಬ್ಬರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ಆದರೆ ಒಂದೊಂದು ಮಾತೂ ಬಾಗಿಲನ್ನು ಮುಚ್ಚಿದ ಹಾಗಾಯಿತು. ಅಳುವದಕ್ಕೆ ತೆರೆದ ಬಾಯನ್ನು ದೇವರ ಮಾತಿನಿಂದಲೇ ಮುಚ್ಚಿದರೆ ಆ ಮಾತಿನ ಮೇಲೆ ಬೇಸರ ಹುಟ್ಟುವದು ಸಹಜವಲ್ಲವೇ?

ಯೋಬನ ಗ್ರಂಥವನ್ನು ಓದಿದವರಿಗೆ ಈ ಸಂಗತಿಯು ಹೊಸದಲ್ಲ. ಯೋಬನ ಮೂವರು ಗೆಳೆಯರು ಮೊದಲು ಬಂದಾಗ ಏಳು ದಿನ ಏಳು ರಾತ್ರಿ ಅವನ ಜೊತೆಯಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರಿಗೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಎಂಟನೆಯ ದಿನದಿಂದ ಅವರು ಉಪದೇಶಕ್ಕೆ ಹತ್ತಿದರು. ಅದು ಮೂವತ್ತು ಅಧ್ಯಾಯಗಳ ತನಕ ನಡೆಯಿತು. ಕಡೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪಕ್ಷವನ್ನು ವಹಿಸಿ ಮಾತಾಡಿದ ಆ ಗೆಳೆಯರ ಮೇಲೆ. ಸಾಂತ್ವನ ಹೇಳಲು ಹೊರಡುವವರು ಹೊಸ್ತಿಲು ದಾಟುವ ಮುಂಚೆ ಇದನ್ನು ಒಮ್ಮೆ ನೆನೆಯಬೇಕು. ನಾನೂ ಸೇರಿಯೇ.

ಮೌಶಿಯ ಮನೆಯಲ್ಲಿ ಗೋಡೆಯ ಗೂಡಿನೊಳಗೆ ಒಂದು ಹಳೆಯ ಸತ್ಯವೇದವಿದೆ. ಚರ್ಮದ ಹೊದಿಕೆ, ಅಂಚು ಸವೆದಿದೆ. ಮೊದಲಿನ ಬರಿಯ ಪುಟಗಳಲ್ಲಿ ಆ ಮನೆತನದ ಹುಟ್ಟು, ಮದುವೆ, ಮರಣಗಳನ್ನು ಬರೆದಿಟ್ಟಿದ್ದಾರೆ. ಮೊದಮೊದಲಿನ ಸಾಲುಗಳು ಬೋರಿನ ಟಾಕಿನಿಂದ ಬರೆದವು, ಶಾಯಿ ಕಂದುಬಣ್ಣಕ್ಕೆ ತಿರುಗಿದೆ. ಆ ಪುಟದ ತುದಿಗಿರುವ ಹೆಸರು ಯಜಮಾನರ ಮುತ್ತಜ್ಜಿಯದು. ಆಕೆಗೆ ಹುಟ್ಟಿದ ದಿನಾಂಕವಿಲ್ಲ. ‘ಬರಗಾಲದಲ್ಲಿ ಸಿಕ್ಕ ಮಗು’ ಎಂದಷ್ಟೇ ಇದೆ.

ಆ ಬರವೆಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮ. ಧಾತು ಸಂವತ್ಸರದಲ್ಲಿ ಹುಟ್ಟಿ ಈಶ್ವರ ಸಂವತ್ಸರದ ತನಕ ನಡೆದದ್ದರಿಂದ ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಬರವೆಂದೇ ಕರೆಯುತ್ತಿದ್ದರು. ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಗಳಲ್ಲಿ ಜನರೂ ದನಗಳೂ ದಾರಿಯಲ್ಲಿ ಬಿದ್ದು ಸತ್ತ ಕಾಲವದು. ತಂದೆತಾಯಿಗಳಿಲ್ಲದ ಅನೇಕ ಮಕ್ಕಳನ್ನು ಆಗ ಬಾಸೆಲ್ ಮಿಶನ್ನಿನವರು ಸಾಕಿದರು. ಈ ಮಿಶನ್ನಿನವರು ನಮ್ಮ ಭಾಗಕ್ಕೆ ಬಂದದ್ದು ಅದಕ್ಕೂ ಬಹಳ ಮೊದಲು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ.

ಮುಂದಿನ ಸಾಲುಗಳಲ್ಲಿ ಒಂದೇ ವರ್ಷಕ್ಕೆ ಮೂರು ಮರಣಗಳು, ವರ್ಷ 1898. ಹುಬ್ಬಳ್ಳಿಗೆ ಪ್ಲೇಗು ಬಂದ ವರ್ಷವದು. ಹಾಫ್ಕಿನ್ನರ ಲಸಿಕೆಯನ್ನು ಆಗ ಊರಿನ ಸಾವಿರಾರು ಜನರಿಗೆ ಚುಚ್ಚಿದರು. ಊರಿಗೆ ಊರೇ ಅಷ್ಟು ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಿಸಿಕೊಂಡದ್ದು ಅಂದಿನ ವೈದ್ಯರಿಗೂ ಹೊಸ ಸಂಗತಿಯಾಗಿತ್ತು. ಇನ್ನೂ ಕೆಳಗೆ 1918ರ ಸಾಲು, ಅದು ಇನ್‌ಫ್ಲುಯೆಂಜಾದ ಕಾಲ. ಆ ಹೊತ್ತಿಗೆ ಮೊದಲನೆಯ ಮಹಾಯುದ್ಧದ ದೆಸೆಯಿಂದ ಜರ್ಮನ್ ಪಾದ್ರಿಗಳು ಸೆರೆಯಲ್ಲಿಡಲ್ಪಟ್ಟು ತಮ್ಮ ದೇಶಕ್ಕೆ ಕಳುಹಿಸಲ್ಪಟ್ಟಿದ್ದರು. ಸಂತೈಸಲು ಬಂದ ಪರದೇಶದವರು ಹೋದರು, ಪುಸ್ತಕವು ಉಳಿಯಿತು.

ಆ ಪುಸ್ತಕ ಕನ್ನಡಕ್ಕೆ ಬಂದ ಬಗೆಯೂ ನೋವಿಲ್ಲದ್ದಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಯಿಕ್ಕಿದರು. ಅವರೂ ರೀವರೂ ದುಡಿದು ಇಡೀ ಗ್ರಂಥ ಅಚ್ಚಾಗಿ ಮುಗಿಯುವದಕ್ಕೆ 1831 ಬಂದಿತು. ಅಂದರೆ ಇಪ್ಪತ್ತು ವರ್ಷಗಳ ಕೆಲಸ. ಮುಂದೆ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಅದನ್ನು ತಿದ್ದಿದರು. ದೊಡ್ಡ ನಿಘಂಟನ್ನು ಮಾಡಿದ ಕಿಟ್ಟೆಲ್ಲರನ್ನು ನಾವೆಲ್ಲ ಬಲ್ಲೆವು. ಅವರು 1853ರಲ್ಲಿ ಕನ್ನಡನಾಡಿಗೆ ಬಂದವರು. 1860ರಲ್ಲಿ ಮದುವೆಯಾದರು, ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಹೆಂಡತಿಯನ್ನು ಕಳೆದುಕೊಂಡರು. ನಿಘಂಟು ಹೊರಬಿದ್ದದ್ದು 1894ರಲ್ಲಿ. ಅದರ ಪುಟಗಳನ್ನು ತಿರುವುವಾಗ ನಮಗೆ ಆ ಮನೆಯ ದುಃಖ ನೆನಪಾಗುವದಿಲ್ಲ. ಪಂಡಿತರ ಕಣ್ಣೀರು ಮುನ್ನುಡಿಯಲ್ಲಿ ಬರುವದಿಲ್ಲವಷ್ಟೆ.

ಆ ಹಳೆಯ ಭಾಷಾಂತರಕಾರರು ಒಂದು ಉಪಕಾರ ಮಾಡಿದರು. ದೂರದ ದೇಶದ ವಸ್ತುಗಳಿಗೆ ನಮ್ಮ ಮನೆಯ ಹೆಸರುಗಳನ್ನು ಇಟ್ಟರು. ಐವತ್ತಾರನೆಯ ಕೀರ್ತನೆಯಲ್ಲಿ ದಾವೀದನು ತನ್ನ ಕಣ್ಣೀರನ್ನು ದೇವರು ಒಂದು ಪಾತ್ರೆಯಲ್ಲಿ ಕೂಡಿಡಬೇಕೆಂದು ಬೇಡುತ್ತಾನೆ. ಆ ಪಾತ್ರೆಗೆ ಕನ್ನಡದಲ್ಲಿ ಬುದ್ದಲಿ ಎಂಬ ಮಾತು ಬಂದಿದೆ. ಬುದ್ದಲಿ ಎಂದರೆ ಎಣ್ಣೆ, ತುಪ್ಪ ಹಾಕಿಡುವ ಚರ್ಮದ ಸಿದ್ದಿಗೆ. ಇಂದಿನ ಮಕ್ಕಳು ಅದನ್ನು ನೋಡಿಲ್ಲ. ನಮ್ಮ ಅಜ್ಜಿಯರು ಬಲ್ಲರು. ಬುದ್ದಲಿಯಲ್ಲಿ ಹಾಕುವದು ಚೆಲ್ಲಬಾರದ ವಸ್ತುವನ್ನು. ಬಾವಿಯ ನೀರನ್ನು ಯಾರೂ ಬುದ್ದಲಿಯಲ್ಲಿ ಜೋಪಾನ ಮಾಡುವದಿಲ್ಲ. ಅಳು ನಿಲ್ಲಿಸು ಎಂದು ದೇವರು ಹೇಳಿದ ಹಾಗೆ ಆ ಕೀರ್ತನೆಯಲ್ಲಿಲ್ಲ. ಅತ್ತದ್ದು ಚೆಲ್ಲಿ ಹೋಗದು ಎಂಬ ಭರವಸೆ ಇದೆ.

ಈ ಮಾತನ್ನು ನಾನು ಅಂದು ಮೌಶಿಗೆ ಹೇಳಲಿಲ್ಲ. ಹೇಳುವ ಹೊತ್ತಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಲಿಂಗಾಯತರ ಸೊಸೆ ಒಂದು ಬುಟ್ಟಿಯನ್ನು ತಂದಿಟ್ಟಳು. ಬಿಸಿ ಜೋಳದ ರೊಟ್ಟಿ, ಜುಣಕ, ಸ್ವಲ್ಪ ಸೇಂಗಾ ಚಟ್ನಿ. “ಮುಂಜಾನಿಂದ ಏನೂ ತಿಂದಿಲ್ರೀ ಇವರು, ನೀವರ ಹೇಳ್ರಿ” ಎಂದು ನನಗೆ ಅಂದು ಹೊರಟುಹೋದಳು. ಮೇ ತಿಂಗಳಿನಿಂದಲೂ ಅವರ ಮನೆಯಿಂದ ಹೀಗೆಯೇ ಬರುತ್ತದಂತೆ. ಆ ಭಯದ ದಿನಗಳಲ್ಲಿಯೂ ಬುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು ಚಿಲಕ ಬಾರಿಸಿ ಹೋಗುತ್ತಿದ್ದಳಂತೆ.

ರೊಟ್ಟಿಯನ್ನು ಮುರಿಯುತ್ತ ಮೌಶಿಯೇ ಎಲೀಯನ ಕಥೆಯನ್ನು ತೆಗೆದರು. ಅವರು ಎಷ್ಟೋ ವರ್ಷ ರವಿವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವರು. ಕಥೆಗಳು ಬಾಯಲ್ಲೇ ಇವೆ. ಈಜೆಬೆಲ್ ರಾಣಿಗೆ ಹೆದರಿದ ಪ್ರವಾದಿ ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದನು. ಕನ್ನಡ ಸತ್ಯವೇದದಲ್ಲಿ ಅದು ಜಾಲಿಯ ಗಿಡ. ನಮ್ಮ ಎರೆಹೊಲಗಳ ಬದುವಿನಲ್ಲಿರುವಂಥದೇ ಎಂದು ಮಕ್ಕಳಿಗೆ ಹೇಳುತ್ತಿದ್ದರಂತೆ. ದೇವದೂತನು ಬಂದು ಅವನಿಗೆ ಏನನ್ನೂ ಬೋಧಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ಎಬ್ಬಿಸಿದನು. ಉಂಡು ಅವನು ಮತ್ತೆ ಮಲಗಿದನು. ಬಯ್ಯಲಿಲ್ಲ. ಎರಡನೆಯ ಸಾರಿ ಎಬ್ಬಿಸಿ ಮತ್ತೆ ಉಣಿಸಿದನು. ದೇವರ ಮಾತು ಬಂದದ್ದು ಆಮೇಲೆ, ಬಹಳ ದಿನಗಳ ಮೇಲೆ. ಬಂದದ್ದೂ ಸಣ್ಣ ದನಿಯಲ್ಲಿ.

“ನಲವತ್ತ ಸರತೆ ಕಲಸೀನಿ ಈ ಕಥಿ,” ಎಂದರು ಮೌಶಿ. “ಮಲಗಿದಾವನ್ನ ಬಯ್ಯಲಿಲ್ಲ ಅನ್ನೂದು ಈಗ ಕಂಡ್ತು.”

ಅಂದು ಮಧ್ಯಾಹ್ನವೆಲ್ಲ ನಾವು ಹೀಗೆಯೇ, ಪುಸ್ತಕವನ್ನು ತೆರೆಯದೆ, ಅದರೊಳಗಿನ ದುಃಖಿತರ ಮಾತಾಡಿದೆವು. ಯಾರ ಯಾರ ನೆನಪು ಬಂದಿತು! ಬೇತ್ಲೆಹೇಮಿಗೆ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಮರಳಿದ ನೊವೊಮಿ, ತನ್ನನ್ನು ಇನ್ನು ಮೇಲೆ ಕಹಿ ಎಂಬರ್ಥದ ಹೆಸರಿನಿಂದ ಕರೆಯಿರಿ ಎಂದು ಊರ ಹೆಂಗಸರಿಗೆ ಹೇಳಿದಳು. ಗ್ರಂಥಕರ್ತನು ಆಕೆಯನ್ನು ತಿದ್ದಲಿಲ್ಲ. ಮಕ್ಕಳಿಗಾಗಿ ಅಳುತ್ತ ಸಮಾಧಾನವನ್ನೇ ಒಲ್ಲೆನೆಂದ ರಾಹೇಲಳನ್ನು ಯೆರೆಮೀಯನೂ ಗದರಿಸಲಿಲ್ಲ. ನೂರ ಐವತ್ತು ಕೀರ್ತನೆಗಳಲ್ಲಿ ಎಷ್ಟೋ ಅಳುವಿನ ಕೀರ್ತನೆಗಳು. ಅವುಗಳಲ್ಲಿ ಹೆಚ್ಚಿನವು ಕಡೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ. ಎಂಭತ್ತೆಂಟನೆಯದು ಮಾತ್ರ ತಿರುಗುವದೇ ಇಲ್ಲ. ಕತ್ತಲೆ ಎಂಬ ಮಾತಿನಲ್ಲಿಯೇ ಮುಗಿಯುತ್ತದೆ. ನಾನು ಚಿಕ್ಕವಳಿದ್ದಾಗ ಆ ಕೀರ್ತನೆಯ ಪುಟ ಹರಿದಿರಬಹುದೆಂದು ತಿಳಿದಿದ್ದೆ. ಹರಿದಿಲ್ಲ. ಅದನ್ನು ಕೂಡಿಸಿದ ಹಿರಿಯರು ಹಾಗೆಯೇ ಬಿಟ್ಟಿದ್ದಾರೆ. ಅಂಥ ರಾತ್ರಿಯೂ ದೇವರ ಮುಂದೆ ಹೇಳಿಕೊಳ್ಳತಕ್ಕದ್ದೇ ಎಂದು ಅವರು ಬಗೆದಿರಬೇಕು. ಯೇಸುಸ್ವಾಮಿಯು ಶಿಲುಬೆಯ ಮೇಲೆ ಕೂಗಿದ್ದು ಕೂಡ ಒಂದು ಅಳುವಿನ ಕೀರ್ತನೆಯ ಮೊದಲ ಮಾತನ್ನೇ. ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆಂದು ಬಲ್ಲ ಆತನು ಮೊದಲು ಮರಿಯಳ ಎದುರಿಗೆ ಅತ್ತನು.

ಸಂಜೆಯಾಗುತ್ತ ಬಂದಿತು. ಮೌಶಿ ಎದ್ದು ಟ್ರಂಕನ್ನು ತೆರೆದು ಒಂದು ಬಿಳಿಯ ಅಂಗಿಯನ್ನೂ ಧೋತರವನ್ನೂ ತೆಗೆದರು. ಹೊಸವು, ಮಡಿಕೆ ಬಿಚ್ಚಿಲ್ಲ. ಯಜಮಾನರು ಬದುಕಿದ್ದಾಗಲೇ, ನನ್ನನ್ನು ಹೂಳುವಾಗ ಇವನ್ನು ಉಡಿಸಿರಿ ಎಂದು ನಗುತ್ತ ಕೊಂಡಿಟ್ಟದ್ದಂತೆ. ಅದು ಆಗಲಿಲ್ಲ. ಐದು ತಿಂಗಳು ಅವರನ್ನು ಒಳಗೊಳಗೆ ತಿನ್ನುತ್ತಿದ್ದದ್ದು ಇದೇ. ಮರಣಕ್ಕಿಂತ ಹೆಚ್ಚಾಗಿ ಇದು. ಕೊನೆಯ ಸೇವೆಯನ್ನು ಮಾಡಲಿಲ್ಲವೆಂಬ ಸಂಕಟ. ಯಾವ ವಚನವೂ ಇದನ್ನು ಮುಟ್ಟಿರಲಿಲ್ಲ, ಯಾಕಂದರೆ ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಬಂದವರೂ ಕೇಳುವಷ್ಟು ಹೊತ್ತು ಸುಮ್ಮನಿರಲಿಲ್ಲ.

ನನಗೆ ಆ ಅಂಗಿಯನ್ನು ನೋಡಿದಾಗ ಮಾರ್ಕನ ಸುವಾರ್ತೆಯ ಕಡೆಯ ಅಧ್ಯಾಯ ನೆನಪಾಯಿತು. ಮೂವರು ಹೆಂಗಸರು, ಮಗ್ದಲದ ಮರಿಯ, ಯಾಕೋಬನ ತಾಯಿ ಮರಿಯ, ಸಲೋಮೆ. ಶುಕ್ರವಾರ ಸಂಜೆ ಸಬ್ಬತ್ತು ಹತ್ತಿರವಾದ್ದರಿಂದ ಹೂಳುವ ಕೆಲಸವೆಲ್ಲ ಅವಸರದಲ್ಲಿ ನಡೆದುಹೋಗಿತ್ತು. ಇವರಿಗೆ ಹತ್ತಿರ ಹೋಗಿ ಏನನ್ನೂ ಮಾಡಲಾಗಲಿಲ್ಲ. ಎಲ್ಲಿ ಇಟ್ಟರೆಂದು ನೋಡಿಕೊಂಡರು ಅಷ್ಟೇ. ಒಂದು ದಿನವೆಲ್ಲ ಮನೆಯಲ್ಲಿ ಆ ಸಂಕಟದಿಂದ ಕುಳಿತರು. ಮೂರನೆಯ ದಿನ ನಸುಕಿನಲ್ಲಿ ಪರಿಮಳದ್ರವ್ಯಗಳನ್ನು ಕಟ್ಟಿಕೊಂಡು, ಆಗದೆ ಉಳಿದ ಸೇವೆಯನ್ನು ಮಾಡುವದಕ್ಕೆ ಹೊರಟರು. ಬಾಯಿಗಿಟ್ಟ ಕಲ್ಲನ್ನು ಯಾರು ಉರುಳಿಸುವರೆಂಬದೂ ಅವರಿಗೆ ಗೊತ್ತಿರಲಿಲ್ಲ.

ಇದನ್ನು ನಾನು ಬಾಯಿಬಿಟ್ಟು ಹೇಳಿದೆನು. ಮೌಶಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು:

“ಆ ಹೆಣ್ಮಕ್ಳು ಒಯ್ದಿದ್ದ ಪರಿಮಳಾ? ಅದು ಏನಾತು ತಂಗಿ?”

ನಾನು ಎಷ್ಟೋ ವ್ಯಾಖ್ಯಾನಗಳನ್ನು ಓದಿದವಳು. ಈ ಪ್ರಶ್ನೆಯನ್ನು ಎಲ್ಲಿಯೂ ಓದಿರಲಿಲ್ಲ. ಸುವಾರ್ತೆಯಲ್ಲಿ ಅದರ ಸುದ್ದಿಯೇ ಇಲ್ಲ. ಪೂಸುವದಕ್ಕೆ ಅಲ್ಲಿ ದೇಹವಿರಲಿಲ್ಲ. ಕೊಂಡದ್ದು ಕೊಂಡ ಹಾಗೆ ಅವರ ಕೈಯಲ್ಲಿಯೇ ಉಳಿದಿರಬೇಕು. ಹಾಗೆಂದೆನು.

“ಉಳೀತಲ್ಲ,” ಎಂದರು. “ಅವರದೂ ಉಳೀತು.” ಅಷ್ಟಂದು ಅವರು ಅತ್ತರು. ಐದು ತಿಂಗಳಲ್ಲಿ ಹಾಗೆ ಅತ್ತಿರಲಿಲ್ಲವೆಂದು ಆಮೇಲೆ ಅವರ ಮಗಳು ಫೋನಿನಲ್ಲಿ ನನಗೆ ತಿಳಿಸಿದಳು. ನಾನು ಪಕ್ಕದಲ್ಲಿ ಕುಳಿತಿದ್ದೆನು. ಬೇರೇನೂ ಮಾಡಲಿಲ್ಲ.

ದೀಪ ಹಚ್ಚಿದ ಮೇಲೆ ಅವರೇ ಗೂಡಿನ ಪುಸ್ತಕವನ್ನು ತೆಗೆಯಲು ಹೇಳಿದರು. ಕನ್ನಡಕದ ಒಂದು ಕಾಲು ಮುರಿದಿತ್ತು. ಆದ್ದರಿಂದ ನಾನು ಓದಿದೆನು, ಅವರು ಕೇಳಿದರು. ಮಾರ್ಕನ ಆ ಎಂಟು ವಚನಗಳನ್ನು ಮಾತ್ರ. ಇನ್ನೂ ಓದಲೇ ಎಂದರೆ ಸಾಕೆಂದರು.

ಕಾಗದ ಬರೆದ ಸೋದರಿಯೇ, ಇಲ್ಲಿ ನಿಮಗೆ ನನ್ನದೊಂದು ವಿಜ್ಞಾಪನೆ. ಒಬ್ಬರೇ ಕುಳಿತು ಕಣ್ಣಿನಿಂದ ಓದುವದು ಈಗ ಆಗದಿದ್ದರೆ ಬಿಡಿರಿ. ಮನೆಯಲ್ಲಿ ಯಾರಾದರೂ, ಒಂದು ಮಗುವಾದರೂ ಆದೀತು, ಗಟ್ಟಿಯಾಗಿ ಓದಲಿ. ನೀವು ಕೆಲಸ ಮಾಡುತ್ತಲೇ ಕೇಳಿರಿ. ನಮ್ಮ ಹಿರಿಯರಲ್ಲಿ ಅಕ್ಷರ ಬಾರದವರೇ ಹೆಚ್ಚು. ಅವರಿಗೆಲ್ಲ ಸತ್ಯವೇದವು ಕಿವಿಯಿಂದಲೇ ಬಂದದ್ದು. ನಾಲ್ಕು ವಚನಗಳಾದರೆ ಸಾಕು. ಸ್ತೋತ್ರದ ಕೀರ್ತನೆಗಳು ಬಾಯಿಗೆ ಬಾರದಿದ್ದರೆ ಹದಿಮೂರನೆಯದು, ನಲವತ್ತೆರಡನೆಯದು, ಬೇಕಾದರೆ ಆ ಎಂಭತ್ತೆಂಟನೆಯದು. ಅವು ನಿಮ್ಮ ಪರವಾಗಿ ಅಳುತ್ತವೆ. ಪ್ರಲಾಪಗಳ ಗ್ರಂಥವು ಐದೇ ಅಧ್ಯಾಯ. ಅದರ ನಡುವಿನದು ಮೂರನೆಯದು, ಅಲ್ಲಿ ಸ್ವಲ್ಪ ಬೆಳಕಿದೆ, ಆಮೇಲೆ ಮತ್ತೆ ಕತ್ತಲೆಯಿದೆ. ಯೋಬನ ಗ್ರಂಥವನ್ನು ರಾತ್ರಿ ಒಬ್ಬರೇ ಓದಬೇಡಿರಿ. ಇದು ನನ್ನ ಸ್ವಂತ ಅನುಭವ. ಮತ್ತೊಂದು ಮಾತು. ತಿಂಗಳುಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆಂಬ ಯೋಚನೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿರಿ. ಧಾರವಾಡದಲ್ಲಿ ಇದಕ್ಕಾಗಿಯೇ ಡಿಮ್ಹಾನ್ಸ್ ಎಂಬ ಸರಕಾರದ ದೊಡ್ಡ ಆಸ್ಪತ್ರೆಯಿದೆ. ಎಲೀಯನಿಗೆ ಮೊದಲು ರೊಟ್ಟಿ ನೀರು ಕೊಟ್ಟ ದೇವರು ಔಷಧಕ್ಕೆ ಅಡ್ಡಬರುವವನಲ್ಲ.

ನಾನು ಹೊರಡುವಾಗ ಮೌಶಿಯ ಸತ್ಯವೇದದ ಮೊದಲಿನ ಪುಟವನ್ನು ಇನ್ನೊಮ್ಮೆ ನೋಡಿದೆನು. ಯಜಮಾನರ ಹೆಸರಿನ ಮುಂದೆ ಹುಟ್ಟಿದ ದಿನ, ಮದುವೆಯ ದಿನ ಇದ್ದವು. ಮೂರನೆಯ ಸ್ಥಳವು ಬರಿದಾಗಿತ್ತು. ಪೆನ್ನನ್ನು ಕೊಡಲೇ ಎಂದು ಕೇಳಿದೆನು. ಬೇಡ, ಮಗ ಪುಣೆಯಿಂದ ಕ್ರಿಸ್ಮಸ್ಸಿಗೆ ಬರುವನು, ಅವನ ಅಕ್ಷರ ಚೆನ್ನಾಗಿದೆ, ಅವನೇ ಬರೆಯಲಿ ಎಂದರು. ಆಮೇಲೆ ಉಳಿದ ನಾಲ್ಕು ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿ, ಬಸ್ಸಿನ ನಿಲ್ದಾಣದ ತನಕ ಬಂದರು.

ಮಗನು ಬಂದು ಬರೆದನು. ಅಂಗಿ ಧೋತರಗಳು ಇನ್ನೂ ಟ್ರಂಕಿನಲ್ಲಿಯೇ ಇವೆ.